ಮಾವ, ನಿನ್ನ ದುರ್ಬೀನಿನ ಬಳೆ ಬಂದಿವೆ

ಸಾಬಣ್ಣ ಮಾವ,

ನಿನ್ನ ಅಕ್ಕನ ಮಗ ಮಾರೆಪ್ಪ ಬರೆಯುತ್ತಿದ್ದೇನೆ. ನಾವೆಲ್ಲ ಆರಾಮ ಇದ್ದೇವೆ, ನಿನ್ನ ಆರಾಮಕ್ಕೆ ಮರುಪತ್ರ ಹಾಕು ಎಂದು ಬರೆಯಲು ಹೊರಟಿದ್ದೆ. ಆಮೇಲೆ ನೆನಪಾಯಿತು, ನೀನಿರುವ ಊರಿಗೆ ಹೋದ ಅಂಚೆಯವನು ತಿರುಗಿ ಬರುವುದಿಲ್ಲ. ನಾನು ಶಾಲೆ ಕಂಡಿದ್ದು ಮೂರನೇ ಕ್ಲಾಸಿನ ತನಕ. ಅಕ್ಷರ ಡೊಂಕಾಗಿದ್ದರೆ ಲಾರಿ ಓಡಿಸುವ ಕೈ ಎಂದು ಹೊಟ್ಟೆಗೆ ಹಾಕಿಕೋ. ನಿನಗೊಂದು ಸುದ್ದಿ ಹೇಳಬೇಕಾಗಿದೆ. ನೇರ ಹೇಳಿಬಿಡಬಹುದಿತ್ತು, ಆದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಮಾನ್ವಿಗೆ ಹೋಗಲು ದೇವದುರ್ಗ ಸುತ್ತುವವನು ನಾನು.

ದುರ್ಬೀನು ತರಲು ರಾಯಚೂರಿಗೆ ಹೋದ ದಿನ ನೆನಪಿದೆಯಾ? ನನ್ನ ಲಾರಿಯಲ್ಲಿ ಮಾನ್ವಿ ಮಿಲ್ಲಿನ ಅಕ್ಕಿ ಚೀಲದ ಮೇಲೆ ಕೂತು ನೀನು ಬಂದಿದ್ದೆ. ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ವಯಸ್ಸಾದ ಮೇಲೆ ನಿನಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು, ನಳಿಗೆಯ ತುದಿಯ ಗುರಿಮಣಿ ಮಾತ್ರ ಮಂಜು ಮಂಜು. ಅದಕ್ಕೇ ಬಂದೂಕಿಗೆ ಚಾಳೀಸು ಹಾಕಿಸಲು ಹೊರಟಿದ್ದೇವೆ ಎಂದು ನಾನು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನೇ.

ಬಂದೂಕಿನ ಅಂಗಡಿಯ ಚಾಚಾ ಎರಡು ದುರ್ಬೀನು ತೆಗೆದಿಟ್ಟಿದ್ದರು. ಒಂದು ಉದ್ದದ್ದು, ದಪ್ಪದ್ದು. ಅದರಲ್ಲಿ ನೋಡಿದರೆ ಕೋಟೆಯ ಗುಡ್ಡದ ಮೇಲಿನ ಆಡಿನ ಗಡ್ಡ ಕಂಡಿತು. ಇನ್ನೊಂದು ಸಣ್ಣದು, ಅದರಲ್ಲಿ ಆಡೂ ಕಂಡಿತು, ಅದು ನಿಂತ ಗುಡ್ಡವೂ ಕಂಡಿತು. ನಾನು ದೊಡ್ಡದನ್ನೇ ಹಿಡಿದುಕೊಂಡಿದ್ದೆ. ನೀನು ಕಸಿದು ಕೆಳಗಿಟ್ಟು, "ಹಂದಿ ಏನ್ ಫೋಟೋ ತೆಗಸ್ಕಳ್ಳಾಕ ನಿಂದರ್ತದೇನಲೇ? ಓಡೂದು ಕಾಣಬೇಕು, ಅದರ ಬಾಜೂಕ ಮನಿಷ್ಯಾ ಇದ್ರ ಅವನೂ ಕಾಣಬೇಕು" ಅಂದಿದ್ದೆ. ಅಷ್ಟಕ್ಕೇ ಮುಗಿಯಲಿಲ್ಲ. ಹಂದಿ ಬರುವುದು ಹೊತ್ತು ಮುಳುಗುವಾಗ, ದುರ್ಬೀನನ್ನು ನೋಡುವುದೂ ಅದೇ ಹೊತ್ತಿಗೆ ಎಂದು ಅಲ್ಲೇ ಕೂತುಬಿಟ್ಟೆ. ಚಾಚಾ ಚಹಾ ತರಿಸಿದರು. ಮತ್ತೆ ತರಿಸಿದರು. ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಹೊತ್ತು ಕೂರುವುದಿಲ್ಲ ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ. ನೀನು ಕಪ್ಪಿನ ಕೆಳಗಿನ ಬಸಿಗೆ ಅಂಚಿನ ತನಕ ಚಹಾ ಸುರಿದುಕೊಂಡು, ಮೂರು ಬೆರಳ ಮೇಲೆ ಹಿಡಿದು, ಒಂದು ಹನಿ ಚೆಲ್ಲದೆ ಕುಡಿಯುತ್ತಿದ್ದೆ. ಕತ್ತಲು ಇಳಿಯುವ ಹೊತ್ತಿಗೆ ಮಾಳಿಗೆ ಹತ್ತಿ ನೋಡಿದಾಗ ದೊಡ್ಡದರಲ್ಲಿ ಗುಡ್ಡ ಕಪ್ಪಾಗಿತ್ತು, ಸಣ್ಣದರಲ್ಲಿ ಇನ್ನೂ ಕಲ್ಲು ಕಲ್ಲು ಎಣಿಸುವ ಹಾಗಿತ್ತು. ಆ ಸಣ್ಣದನ್ನೇ ಕೊಂಡೆ. ಆರಿಸಿದ್ದರಲ್ಲಿ ನೀನು ತಪ್ಪಲಿಲ್ಲ ಮಾವ. ಅದನ್ನು ಮೊದಲು ತಿಳಿದುಕೋ.

ಆ ಸಂಜೆಯೇ ಬಳೆಯ ತಕರಾರು ಶುರುವಾಗಿದ್ದು. ದುರ್ಬೀನನ್ನು ಬಂದೂಕಿನ ಬೆನ್ನಿಗೆ ಹಿಡಿದಿಡುವ ಎರಡು ಉಕ್ಕಿನ ಉಂಗುರಗಳಿಗೆ ನಾವು ಬಳೆ ಎನ್ನುತ್ತಿದ್ದೆವು. ಅಂಗಡಿಯಲ್ಲಿದ್ದ ಬಳೆ ಒಂದು ನೂಲಿನಷ್ಟು ದೊಡ್ಡವು. ಅಳತೆಯವು ಹೈದರಾಬಾದಿನಿಂದ ಬರಬೇಕು, ಸ್ವಲ್ಪ ತಡೆಯಿರಿ ಎಂದರು ಚಾಚಾ. ಶೇಂಗಾ ಕಾಯಿ ಕಟ್ಟುವ ಹೊತ್ತು, ಹಂದಿ ಹಿಂಡು ದಿನಾ ಹೊಲ ಉಳುತ್ತಿತ್ತು, ತಡೆಯುವುದು ಎಲ್ಲಿಂದ ಬಂತು? ಸೈಕಲ್ ಟ್ಯೂಬು ಕತ್ತರಿಸಿ ಒಳಗೆ ಸುತ್ತಿದರೆ ಬಿಗಿಯಾಗುತ್ತದೆ ಎಂದೆ ನೀನು. ನಮ್ಮ ಕಡೆ ಟ್ಯೂಬು ಸುತ್ತದೆ ಯಾವುದು ನಿಂತಿದೆ ಹೇಳು? ಕೊಡಲಿ ಕಾವು, ನೀರಿನ ಪೈಪು, ಪಂಪಿನ ಕೈ, ಎಲ್ಲಕ್ಕೂ ಅದೇ ಮದ್ದು. ಚಾಚಾ ತಲೆ ಕೆರೆದುಕೊಂಡು, "ಸದ್ಯಕ್ಕ ನಡೀತದ್ರಿ. ಬಳಿ ಬಂದ ಮ್ಯಾಲ ಮರೀದೆ ಬರ್ರಿ, ಬದ್ಲಿ ಮಾಡಿ ಕೊಡ್ತೀನಿ" ಅಂದರು. ದುರ್ಬೀನಿಗೂ ಪಂಚರ್ ಹಾಕಿಸಿದ ಮೊದಲ ಶಿಕಾರಿ ನಮ್ಮ ಮಾವ ಎಂದೆ ನಾನು. ಮೂವರೂ ನಕ್ಕೆವು.

ಹಳ್ಳದ ದಂಡೆಯಲ್ಲಿ ಗುರಿ ಕೂಡಿಸಿದ ಬೆಳಗು ಕಣ್ಣಿಗೆ ಕಟ್ಟಿದಂತಿದೆ. ಎತ್ತರದ ಮಣ್ಣಿನ ದಿಬ್ಬಕ್ಕೆ ಗೋಣಿ ತೂಗುಹಾಕಿ, ಅದರ ಮೇಲೆ ಸುಣ್ಣದಿಂದ ರೊಟ್ಟಿಯಷ್ಟು ದುಂಡಗೆ ಬರೆದೆವು. ಭತ್ತದ ಹೊಟ್ಟಿನ ಚೀಲದ ಮೇಲೆ ರೈಫಲ್ಲನ್ನು ಮಲಗಿಸಿದೆವು. ನೀನು ಮೊದಲು ಅದರ ಹಿಂದಿನ ಬೋಲ್ಟು ತೆಗೆದು, ಖಾಲಿ ನಳಿಗೆಯೊಳಗಿಂದ ಸುಣ್ಣದ ರೊಟ್ಟಿ ನಡುವೆ ಕಾಣುವ ಹಾಗೆ ಚೀಲ ಸರಿಸಿದೆ. ಆಮೇಲೆ ಬಂದೂಕನ್ನು ಅಲುಗದಂತೆ ಅದುಮಿ ಹಿಡಿಯಲು ನನಗೆ ಹೇಳಿ, ದುರ್ಬೀನಿನ ಗುಂಡಿ ತಿರುವಿ ಅದರೊಳಗಿನ ಕೂಡುಗೆರೆಯನ್ನೂ ಅದೇ ರೊಟ್ಟಿಯ ಮೇಲೆ ತಂದೆ. ಮೇಲಿನ ಗುಂಡಿ ಎತ್ತರಕ್ಕೆ, ಬದಿಯದು ಎಡಬಲಕ್ಕೆ. ಗುಂಡು ಹಾರಿಸುವುದು, ನಡೆದು ಹೋಗಿ ನೋಡುವುದು, ಬಂದು ಒಂದು ಚೂರು ತಿರುವುವುದು. ಕೊನೆಗೆ ಹಾಕಿದ್ದೆಲ್ಲ ರೊಟ್ಟಿಯೊಳಗೆ. ಅಷ್ಟು ಚೆಂದ ಕೂತ ಮೇಲೆ ಬಳೆ ಬದಲಿಸುವ ನೆನಪು ಯಾರಿಗೆ ಬರಬೇಕು?

ಆ ವರ್ಷದ ಸುಗ್ಗಿಯಲ್ಲಿ ನಿನ್ನ ಗತ್ತೇ ಬೇರೆ. ಬೆಳೆ ಕಾಯಲು ಹಂದಿಗೆ ಮಾತ್ರ ಪರವಾನಗಿ ಇತ್ತು, ನೀನು ಹಂದಿಯನ್ನು ಬಿಟ್ಟು ಮೊಲದ ಕಡೆ ಕೂಡ ನೋಡಲಿಲ್ಲ. ಒಂದೇ ಗುಂಡಿಗೆ ಬೀಳುವಂತಿದ್ದರೆ ಹಾರಿಸು, ಇಲ್ಲದಿದ್ದರೆ ಬೆರಳು ತೆಗೆ ಎನ್ನುತ್ತಿದ್ದೆ. ಗಾಯ ಮಾಡಿ ಬಿಡುವುದು ನಿನ್ನ ಪ್ರಕಾರ ಶಿಕಾರಿಯೇ ಅಲ್ಲ.

ಮುಂದಿನ ವರ್ಷ ನೀನು ಮೊದಲ ಸಲ ಗುರಿ ತಪ್ಪಿದಾಗ ನಾನೂ ಹೊಲದಲ್ಲಿದ್ದೆ. ಹಂದಿ ನಿಂತಲ್ಲೇ ನಿಂತು ನಮ್ಮನ್ನು ನೋಡಿ ಹೋಯಿತು. ಮತ್ತೊಂದು ಸಂಜೆ ಮತ್ತೆ ತಪ್ಪಿತು. ದೇವದುರ್ಗದ ಹಂದಿಗಳು ಸಾಬಣ್ಣನಿಗೆ ಸನ್ಮಾನ ಇಟ್ಟುಕೊಂಡಿವೆ, ಶಾಲು ತರಲು ನನ್ನನ್ನೇ ಕಳಿಸಿವೆ ಎಂದು ನಾನು ಕವಿತಾಳದ ಹೋಟೆಲಿನಲ್ಲಿ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಆದರೆ ಆ ನಗು...

ದೊಡ್ಡ ಒಂಟಿ ಹಂದಿಗೆ ಗಾಯವಾದ ಸಂಜೆಯ ಮಾತನ್ನು ಬರೆಯಲು ಮನಸ್ಸಿಲ್ಲ, ಬರೆಯದೆ ಮುಂದೆ ಹೋಗುವಂತೆಯೂ ಇಲ್ಲ. ಭುಜಕ್ಕೆ ಗುರಿ ಹಿಡಿದ ಗುಂಡು ಹಿಂಗಾಲಿಗೆ ಬಿತ್ತು. ಅದು ಚೀರುತ್ತ ಜಾಲಿಯೊಳಗೆ ನುಗ್ಗಿತು. ಮರುದಿನ ಬೆಳಗಿನಿಂದ ನೀನು ರಕ್ತದ ಹನಿ ಹುಡುಕುತ್ತ ಗುಡ್ಡದ ಬುಡವೆಲ್ಲ ಅಲೆದೆ. ಶೇಂಗಾ ಕೀಳಲು ಬರುವ ಹೆಣ್ಣುಮಕ್ಕಳ ಮೇಲೆ ಅದು ಬಿದ್ದರೆ ಎಂಬ ಭಯ ನಿನಗೆ. ಸಿಗಲಿಲ್ಲ. ಮನೆಗೆ ಬಂದು ರೈಫಲ್ಲನ್ನು ತಗಡಿನ ಮಾಡಿನ ಕೆಳಗಿನ ಗೂಟಕ್ಕೆ ಹಾಕಿ, ನನ್ನ ಮುಖ ನೋಡದೆ, "ಮಾರೆಪ್ಪಾ, ಕೈ ಹೋತಲೇ" ಅಂದೆ.

ಆಮೇಲೆ ನೀನು ಹೊಲದ ಕಡೆ ಹೋಗುವುದನ್ನೇ ಬಿಟ್ಟೆ. ಕಟ್ಟೆಯ ಮೇಲೆ ಕೂತು ಕೈ ಮುಂದೆ ಚಾಚಿ, ಬೆರಳು ನಡುಗುತ್ತವೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಕೇಳಿದರೆ ಉಗುರು ನೋಡುತ್ತಿದ್ದೇನೆ ಎನ್ನುತ್ತಿದ್ದೆ. ಎದೆನೋವು ಬಂದು ಹೋಗಿಬಿಟ್ಟೆಯಲ್ಲ, ಆ ವಾರವೂ ಅದನ್ನೇ ಮಾಡುತ್ತಿದ್ದೆ. ಕೈ ಹೋದವನು ಎಂದೇ ತಿಳಿದುಕೊಂಡು ಹೋದೆ.

ಈಗ ಸುದ್ದಿ. ನೀನು ಹೋದ ಮೇಲೆ ಠಾಣೆಯಲ್ಲಿಟ್ಟಿದ್ದ ನಿನ್ನ ರೈಫಲ್ಲಿನ ಲೈಸೆನ್ಸು ಈ ವರ್ಷ ನಿನ್ನ ಮಗಳು ಹುಲಿಗೆಮ್ಮನ ಹೆಸರಿಗೆ ಆಯಿತು. ಹೊಲ ನೋಡುವವಳೂ ಅವಳೇ ತಾನೇ? ನೀನು ಕಲಿಸಿದ ಹಾಗೆ ಹೊಟ್ಟಿನ ಚೀಲ ಇಟ್ಟು, ಸುಣ್ಣದ ರೊಟ್ಟಿಗೆ ಗುಂಡು ಹಾಕಿದಳು. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ನಾನು ಹಳೆಯ ಚಾಳಿಯಂತೆ, "ಅಪ್ಪನ ಕೈಯೇ ಬಂದದ ನೋಡವ್ವಾ ನಿನಗ" ಅಂದೆ. ಅವಳು ನಗಲಿಲ್ಲ. ಬಂದೂಕು ಖಾಲಿ ಮಾಡಿ ಕೆಳಗಿಟ್ಟಳು.

"ಭಾವ, ನಮ್ಮಪ್ಪ ಹೋದ ದಿನ ಮುಂಜಾನಿ ಬಸೀಲೆ ಚಾ ಕುಡದಾನ. ತುಂಬಿದ್ ಬಸಿ. ಒಂದ್ ಹನಿ ಚೆಲ್ಲಿಲ್ಲ. ಆ ಕೈಗೆ ಏನಾಗಿತ್ತು ಹೇಳು ನನಗ."

ಅವಳೇ ದುರ್ಬೀನನ್ನು ಹಿಡಿದು ಅಲ್ಲಾಡಿಸಿದಳು. ಮುದುಕನ ಹಲ್ಲಿನ ಹಾಗೆ ಅಲುಗಿತು. ಸ್ಕ್ರೂ ಬಿಚ್ಚಿದೆವು. ಟ್ಯೂಬಿನ ಪಟ್ಟಿ ನಮ್ಮ ಬಿಸಿಲಿಗೆ, ತಗಡಿನ ಕಾವಿಗೆ ಒಂದು ಕಡೆ ಕರಗಿ ಅಂಟಾಗಿತ್ತು, ಇನ್ನೊಂದು ಕಡೆ ಒಣಗಿ ಪುಡಿಯಾಗಿತ್ತು. ಪ್ರತಿ ಗುಂಡಿನ ಒದೆತಕ್ಕೂ ದುರ್ಬೀನು ಜರುಗಿ ಜರುಗಿ, ಅದರ ಮೈಮೇಲೆ ಗೀರು ಬಿದ್ದು ಹೊಳೆಯುತ್ತಿತ್ತು. ನಿನ್ನ ಕಣ್ಣು ಹಂದಿಯ ಭುಜದ ಮೇಲಿತ್ತು, ಮಾವ. ನಳಿಗೆ ಬೇರೆ ಕಡೆ ನೋಡುತ್ತಿತ್ತು.

ಮರುದಿನ ನಾವಿಬ್ಬರೂ ರಾಯಚೂರಿಗೆ ಹೋದೆವು. ಚಾಚಾನ ಗಡ್ಡ ಬೆಳ್ಳಗಾಗಿದೆ. ನಿನ್ನ ಹೆಸರು ಹೇಳಿದ ಕೂಡಲೇ ಒಳಗೆ ಹೋಗಿ ಧೂಳು ಹಿಡಿದ ಸಣ್ಣ ಡಬ್ಬಿ ತಂದು, "ನಿಮ್ಮ ಮಾಮುಂದು ಬಳಿ ಆವಾಗೇ ಬಂದಾವ್ರಿ. ಇವತ್ತು ಬರ್ತಾರ, ನಾಳಿ ಬರ್ತಾರ ಅಂತ ತೆಗೆದಿಟ್ಟೀನಿ. ಅವರು ಬರಲೇ ಇಲ್ಲ" ಅಂದರು. ಎಷ್ಟು ಸಲ ಆ ಅಂಗಡಿಯ ಮುಂದೆ ಲಾರಿ ಓಡಿಸಿದ್ದೇನೆ ನಾನು. ನೀನೂ ಪಕ್ಕದಲ್ಲೇ ಕೂತಿರುತ್ತಿದ್ದೆ. ಒಂದು ಸಲ, ಒಂದೇ ಸಲ ಇಳಿದಿದ್ದರೆ...

ಬಳೆ ಸರಿಯಾಗಿ ಕೂತವು. ಹಳ್ಳದ ದಂಡೆಯಲ್ಲಿ ಹುಲಿಗೆಮ್ಮ ಮೊದಲಿನಿಂದ ಗುರಿ ಕೂಡಿಸಿದಳು. ಕೊನೆಯ ಮೂರು ಗುಂಡಾದ ಮೇಲೆ ನಾವು ಗೋಣಿಯ ಹತ್ತಿರ ಹೋದೆವು. ಅವಳು ಸೆರಗಿನಿಂದ ನಿನ್ನ ಬಸಿ ತೆಗೆದು ತೂತುಗಳ ಮೇಲೆ ಬೋರಲು ಒತ್ತಿ ಹಿಡಿದಳು. ಮೂರೂ ಅದರ ಅಡಿಯಲ್ಲಿ ಮುಚ್ಚಿಹೋದವು.

ಸನ್ಮಾನದ ಕಥೆಯನ್ನು ಕವಿತಾಳದಲ್ಲಷ್ಟೇ ಅಲ್ಲ, ಮಾನ್ವಿಯಲ್ಲೂ ಹೇಳಿದ್ದೆ, ರಾಯಚೂರಿನ ತನಕ ಲಾರಿ ನಿಂತಲ್ಲೆಲ್ಲ ಹೇಳಿದ್ದೆ. ಈಗ ಆ ಪುಡಿಯಾದ ಟ್ಯೂಬು ನನ್ನ ಲಾರಿಯಲ್ಲಿದೆ. ಅದೇ ಹೋಟೆಲುಗಳಲ್ಲಿ ನಿಲ್ಲಿಸಿ, ಅದನ್ನು ಮೇಜಿನ ಮೇಲಿಟ್ಟು, ಸಾಬಣ್ಣನ ಕೈ ಹೋಗಿರಲಿಲ್ಲ ಎಂದು ಹೇಳುತ್ತಿದ್ದೇನೆ. ಮಾರೆಪ್ಪನ ಮಾತೆಂದು ಜನ ಮೊದಲು ನಗಲು ಬಾಯಿ ತೆರೆಯುತ್ತಾರೆ. ಟ್ಯೂಬು ನೋಡಿ ಮುಚ್ಚುತ್ತಾರೆ. ಇನ್ನೂ ಕೆಲವು ಹೋಟೆಲು ಉಳಿದಿವೆ ಮಾವ. ಒಂದನ್ನೂ ಬಿಡುವುದಿಲ್ಲ.

ನಿನ್ನ ಅಳಿಯ,
ಮಾರೆಪ್ಪ