ದೋಣಿ ಆಟದಲ್ಲಿ ಮೂವತ್ತೇಳು

ಮಾರ್ಚ್ 3, ಸೋಮವಾರ

ಇವತ್ತು ಅಂಗಡಿಯಲ್ಲಿ ಹನ್ನೊಂದು ಕನ್ನಡಕ. ಉಜ್ಜುವಾಗ ಒಂದು ಗ್ಲಾಸ್ ಒಡೆದೆ, ಬೈಸಿಕೊಂಡೆ. ಸಂಜೆ ಮೇಷ್ಟ್ರ ನೋಟ್‌ಬುಕ್ ಬಂತು. ನಲವತ್ತೊಂದನೆಯದು.

ಕಂಪನಿಯವರು ಮಾರುವುದನ್ನೇ ನಿಲ್ಲಿಸಿದ ಹಳೆಯ ಕಂಪ್ಯೂಟರ್ ದೋಣಿ ಆಟ. ರಿಟೈರ್ ಆದ ಲೆಕ್ಕದ ಮೇಷ್ಟ್ರು ಅದನ್ನು ಆಡುತ್ತಾರೆ, ಸ್ಟಾಪ್‌ವಾಚ್ ಹಿಡಿದು ದೋಣಿ ಹೇಗೆ ಓಡುತ್ತದೆ ಅಂತ ಅಳೆದು ಬರೆಯುತ್ತಾರೆ. ನಾನು ಅದನ್ನಷ್ಟೇ ಓದಿ ಹೊಸದಾಗಿ ಕೋಡ್ ಬರೆದು, ಯಾರು ಬೇಕಾದರೂ ಆಡಲಿ ಅಂತ ನೆಟ್‌ನಲ್ಲಿ ಬಿಟ್ಟಿ ಹಾಕುತ್ತೇನೆ. ಕಂಪನಿಯ ಕೋಡ್ ಮಾತ್ರ ಇಬ್ಬರೂ ನೋಡಕೂಡದು, ನೋಡಿ ಬರೆದರೆ ಕದ್ದಂತೆ. ಆರು ವರ್ಷದ ಪಥ್ಯ.

ಮಾರ್ಚ್ 6, ಗುರುವಾರ

ಕಂಪನಿಯಿಂದ ಲಾಯರ್ ನೋಟಿಸ್. ಎಂಟು ಪುಟ ಬೆದರಿಕೆ. ಒಂಬತ್ತನೆಯದರಲ್ಲಿ ಒಂದೇ ಒಂದು ಸಂಖ್ಯೆ — ಮೂವತ್ತೇಳು.

ದೋಣಿ ತಿರುಗುವ ಕಡೆ ನಮ್ಮ ಕೋಡಿನಲ್ಲಿ ಮೂವತ್ತೇಳು ಅಂತ ಒಂದು ಸಾಲಿದೆ. ಅದರಿಂದ ಏನೂ ಆಗುವುದಿಲ್ಲ. ದಂಡದ ಸಾಲು. ಅವರ ಕೋಡಿನಲ್ಲೂ ಅದೇ ಜಾಗದಲ್ಲಿ ಅದೇ ಇದೆಯಂತೆ. ಆಟ ಆಡಿ ಅದನ್ನು ಕಂಡುಹಿಡಿಯಲು ಸಾಧ್ಯವೇ ಇಲ್ಲ. ಕದ್ದು ನೋಡಿದವರಿಗಷ್ಟೇ ಗೊತ್ತು.

ನೋಡಿದವಳು ನಾನು. ಎರಡು ವರ್ಷದ ಹಿಂದೆ ಯಾರೋ ಅವರ ಕೋಡ್ ಕದ್ದು ನೆಟ್‌ನಲ್ಲಿ ಹಾಕಿದ್ದರು. ದೋಣಿ ಮೂರು ವಾರದಿಂದ ಸರಿಯಾಗಿ ತಿರುಗುತ್ತಿರಲಿಲ್ಲ, ತಲೆ ಕೆಟ್ಟಿತ್ತು. ನಾಲ್ಕೇ ನಿಮಿಷ ಇಣುಕಿದೆ. ದಂಡದ ಸಾಲನ್ನೂ ಸೇರಿಸಿ ಇಳಿಸಿಕೊಂಡಿದ್ದೇನೆ, ಪೆದ್ದಿ!

ಮಾರ್ಚ್ 7, ಶುಕ್ರವಾರ

ನಮ್ಮ ಲಾಯರಮ್ಮ ನೇರವಾಗಿ ಕೇಳಿದರು. "ಇಬ್ಬರಲ್ಲಿ ಯಾರಾದ್ರೂ ಆ ಕದ್ದ ಕೋಡ್ ನೋಡಿದ್ದೀರಾ? ನೋಡಿದ್ರೆ ಆರು ವರ್ಷದ್ದೂ ಅಳಿಸ್ಬೇಕು. ನೋಡಿದೋರ ಮೇಲೆ ಕೇಸು ಬೀಳುತ್ತೆ."

ಮೇಷ್ಟ್ರು ನಕ್ಕುಬಿಟ್ಟರು. "ಛೆ ಛೆ! ಇವಳು ನನ್ನ ನೋಟ್‌ಬುಕ್ ಬಿಟ್ರೆ ಬೇರೇನೂ ನೋಡೋಳಲ್ಲ."

ಹೌದೆಂದು ತಲೆಯಾಡಿಸಿದೆ.

ಮಾರ್ಚ್ 14, ಶುಕ್ರವಾರ

ಒಂದು ವಾರ ಬರೆಯಲಿಲ್ಲ. ಏನಂತ ಬರೆಯಲಿ...

ಮಧ್ಯಾಹ್ನ ಮೇಷ್ಟ್ರ ಹೆಂಡತಿ, ನಾನು ಅಕ್ಕ ಅನ್ನುವವರು, ಅಂಗಡಿಗೇ ಫೋನ್ ಮಾಡಿದರು. "ನಲವತ್ತೊಂದು ನೋಟ್‌ಬುಕ್ಕೂ ನೆಲದ ಮೇಲೆ ಹರಡ್ಕೊಂಡು ಕೂತಿದ್ದಾರಮ್ಮ. ಊಟಕ್ಕೂ ಏಳಲ್ಲ. ಮೂವತ್ತೇಳು ಎಲ್ಲಿ ಬರೆದೆ, ಎಲ್ಲಿ ಬರೆದೆ ಅಂತ ಅದೇ ಜಪ. ನಾಳೆ ಮರೆವಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ನಿನಗೇನಾದ್ರೂ ಗೊತ್ತೇನೇ?"

"ಇಲ್ಲಕ್ಕಾ" ಅಂದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 16, ಭಾನುವಾರ

ಮೇಷ್ಟ್ರು ಮನೆಗೆ ಬಂದರು. ಮುಖ ಇಳಿದುಹೋಗಿದೆ. ಶರ್ಟಿನ ಗುಂಡಿ ಮೇಲೆ ಕೆಳಗೆ.

"ಆ ಮೂವತ್ತೇಳು ನಿನಗೆ ನನ್ನಿಂದಲೇ ಬಂದಿರ್ಬೇಕು, ನಾನೇ ಆ ಕೋಡ್ ನೋಡಿರ್ಬೇಕು ಕಣಮ್ಮ. ನೋಡಿದ್ದು ನೆನಪಿಲ್ಲ, ಅಷ್ಟೇ. ನಿನ್ನೆ ಡಾಕ್ಟ್ರು ಐದು ಪದ ಹೇಳಿ ವಾಪಸ್ ಕೇಳಿದ್ರು. ಎರಡೇ ಬಂತು."

"ಹೆದರಿಕೆಗೆ ಮರೆತಿರ್ತೀರಿ ಮೇಷ್ಟ್ರೇ."

"ಮೂವತ್ತೈದು ವರ್ಷ ಮಗ್ಗಿ ಹೇಳಿಕೊಟ್ಟೋನು ನಾನು! ಹೆದರಿಕೆಯಂತೆ. ನಾಳೆ ಬರೆದುಕೊಟ್ಟು ಸಹಿ ಹಾಕ್ತೀನಿ. ನೋಡಿದ್ದು ನಾನು, ಇವಳಿಗೇನೂ ಗೊತ್ತಿಲ್ಲ ಅಂತ. ನೀನು ನಿಶ್ಚಿಂತೆಯಾಗಿರು."

ನಿಶ್ಚಿಂತೆ! ಟೀ ಮಾಡಿಕೊಟ್ಟೆ. ಸಕ್ಕರೆ ಸಾಕಾ ಅಂತ ಕೇಳಿದೆ. ಅಷ್ಟೇ ಕೇಳಿದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದರು.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 10.20

ಲಾಯರಮ್ಮನ ಆಫೀಸು. ಹೊರಗಿನ ಬೆಂಚು. ಅಕ್ಕ ಪಕ್ಕದಲ್ಲೇ ಕೂತಿದ್ದಾರೆ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ. "ಇನ್ನು ನನ್ನ ಹೆಸರೂ ಮರೀತಾರೇನೋ" ಅಂದರು.

ಕೇಸಿಗೆ ಹೆದರಿ ಒಬ್ಬ ಮನುಷ್ಯನಿಗೆ ತನ್ನ ತಲೆಯ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡೆ.

ಗಾಜಿನ ಬಾಗಿಲಾಚೆ ಮೇಷ್ಟ್ರು ಕಾಗದ ಓದುತ್ತಿದ್ದಾರೆ. ಎಲ್ಲಿ ಸಹಿ ಹಾಕಬೇಕು ಅಂತ ಲಾಯರಮ್ಮ ಬೆರಳಿಟ್ಟು ತೋರಿಸುತ್ತಿದ್ದಾರೆ. ಮೇಷ್ಟ್ರು ಮತ್ತೆ ಕೇಳಿದರು. ಮತ್ತೆ ತೋರಿಸಿದರು.

"ಅಕ್ಕಾ" ಅಂದೆ. "ಮೇಷ್ಟ್ರು ಏನೂ ಮರೆತಿಲ್ಲ."

ಅಕ್ಕ ತಿರುಗಿ ನನ್ನನ್ನೇ ನೋಡುತ್ತಿದ್ದಾರೆ. ನಾನು ತಲೆ ತಗ್ಗಿಸಿ ಇದನ್ನು ಬರೆಯುತ್ತಾ— ಅಯ್ಯೋ, ಅಲ್ಲಿ ಮೇಷ್ಟ್ರು ಪೆನ್ನಿನ ಕ್ಯಾಪ್ ತೆಗೆದರು, ಏಳಬೇ