ಮಾಳಿಗೆಯ ಮೇಲಿನ ಬಿಸಿಲು

ಮೊಳಕಾಲ್ಮೂರು
9 ಮಾರ್ಚ್ 1998

ಪ್ರೀತಿಯ ಮಗ ಗಂಗರಾಜುಗೆ,

ಆರೋಗ್ಯವೇ? ಧರ್ಮಾವರದ ನೀರು ಹಿಡಿಸಿತೇ? ಮಗ್ಗದ ಗುಂಡಿಯಲ್ಲಿ ಕೂತು ಕೂತು ಹಿಡಿದುಕೊಳ್ಳುತ್ತಿದ್ದ ಮೊಣಕಾಲು ಈಗ ಹೇಗಿದೆ? ನನ್ನ ಮೈ ಚೆನ್ನಾಗಿದೆ, ಮನಸ್ಸು ಮಾತ್ರ ನೆಟ್ಟಗಿಲ್ಲ.

ನಿನ್ನ ಹೆಂಡತಿ ರಾಧಮ್ಮನ ಮೇಲೆ ನನಗೆ ಅನುಮಾನ ಬಂದಿತ್ತು. ದಿನ ಬಿಟ್ಟು ದಿನ, ನಾನು ಉಂಡು ಅಡ್ಡಾಗುವುದನ್ನೇ ಕಾದು ಮಾಳಿಗೆ ಹತ್ತಿ ಅಗಳಿ ಹಾಕಿಕೊಳ್ಳುತ್ತಿದ್ದಳು. ಇಳಿಯುವಾಗ ಕಣ್ಣಿಗೆ ಕಪ್ಪು ಕನ್ನಡಕ. ಪಕ್ಕದ ಮಾಳಿಗೆಯಲ್ಲಿ ಪೆದ್ದಣ್ಣನ ತಮ್ಮ ಪಾರಿವಾಳ ಸಾಕಿದ್ದಾನೆ. ನನ್ನ ತಲೆ ಎಲ್ಲಿಗೆ ಹೋಗಿರಬೇಕೆಂದು ನೀನೇ ಊಹಿಸು. ಹೋದ ವಾರ ಅವಳ ತುಟಿಯ ಮೇಲೆ ಗುಳ್ಳೆಗಳೆದ್ದವು. ಇನ್ನು ತಡೆಯಲಾರದೆ ಕೈ ಹಿಡಿದು ಕೂರಿಸಿ ಕೇಳಿದೆ. ಸೆರಗು ಸರಿಸಿದಳು. ಭುಜದ ಮೇಲೆ ಅಂಗೈಯಗಲದ ತೊನ್ನು, ಬಿಸಿಲಿಗೆ ಸುಟ್ಟು ಕೆಂಪಾಗಿತ್ತು.

ಚಳ್ಳಕೆರೆಯ ಚರ್ಮದ ಡಾಕ್ಟರು ಮಾತ್ರೆ ಕೊಟ್ಟು, ಬಿಸಿಲಿಗೆ ಸ್ವಲ್ಪ ಹೊತ್ತು ಮೈಯೊಡ್ಡಲು, ಕಣ್ಣು ಕೆಡದಂತೆ ಕಪ್ಪು ಕನ್ನಡಕ ಹಾಕಲು ಹೇಳಿದ್ದಾರಂತೆ. ನಾನು ನಂಬಲಿಲ್ಲ. ಬಣ್ಣ ಹಾಕಿದ ರೇಷ್ಮೆಯನ್ನು ಬಿಸಿಲಿಗೆ ತೋರಿಸಬಾರದೆಂದು ಹೇಳಿಸಿಕೊಂಡು ಬೆಳೆದವರು ನಾವು. ನೂಲಿನ ಬಣ್ಣ ತಿನ್ನುವ ಬಿಸಿಲು ಮೈಗೆ ಬಣ್ಣ ಕೊಡುತ್ತದೆಯೇ? ಅವಳೊಂದಿಗೆ ನಾನೇ ಬಸ್ಸು ಹತ್ತಿ ಹೋಗಿ ಕೇಳಿದೆ. ಡಾಕ್ಟರು ನಗಲಿಲ್ಲ. ರೋಗ ತಡೆಯಲು ಮೈಯೊಳಗೆ ಕಾವಲಿನವರಿದ್ದಾರೆ, ಅವರೇ ತಪ್ಪು ತಿಳಿದು ಚರ್ಮದ ಬಣ್ಣದ ಮೇಲೆ ಬಿದ್ದಿದ್ದಾರೆ, ಬಿಸಿಲಿನ ಅತಿನೇರಳೆ ಕಿರಣ ಅವರನ್ನು ಸುಮ್ಮನಾಗಿಸುತ್ತದೆ ಎಂದರು. ತೊನ್ನು ಅಂಟುವುದಿಲ್ಲವೆಂದೂ ಹೇಳಿದರು. ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ಅವಳನ್ನು ಗದರಿದರು: “ಹೇಳಿದ್ಕಿಂತ ಜಾಸ್ತಿ ಹೊತ್ತು ನಿಂತಿದ್ದೀಯಮ್ಮ. ಕಾವಲಿನವರು ಪೂರ್ತಿ ಮಂಕಾದ್ರೆ ಒಳಗೆ ಅಡಗಿರೋ ರೋಗ ಏಳ್ತೈತೆ. ತುಟಿ ಗುಳ್ಳೆ ಅದೇ.”

ಯಾಕೆ ಹಾಗೆ ನಿಂತೆಯೆಂದು ಬಸ್ಸಿನಲ್ಲಿ ಕೇಳಿದೆ. “ಉಗಾದಿಗೆ ಅವ್ರು ಬರೋದ್ರೊಳಗೆ ಈ ತೊನ್ನು ಹೋಗ್ಲಿ ಅಂತ, ಅತ್ತೆ” ಅಂದಳು. ನನಗೆ ಅಳು ಬಂತು. ಈಗ ಅವಳು ಮಾಳಿಗೆ ಹತ್ತಿದರೆ ಮೆಟ್ಟಿಲ ಬಳಿ ನಾನೇ ಕೂತು ಕೂಗಿ ಇಳಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮನೆದೇವರು ನಿನ್ನ ಕಣ್ಣು, ಕೈ ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಸೂರಮ್ಮ

ಅಂಚೆಯವನು ಬರುವ ಹೊತ್ತಾಯಿತು, ಇದೊಂದು ಮಾತು: ತೊನ್ನಿನ ಮಚ್ಚೆ ಎದ್ದಿದ್ದು ಶ್ರಾವಣದಲ್ಲಂತೆ. ಮನೆಯ ಮಗ್ಗ ಖಾಲಿ ಬಿಟ್ಟು ನೀನು ಪರರ ಮಗ್ಗಕ್ಕೆ ಹೋಗಿದ್ದೂ ಆಗಲೇ. ನೀನು ಅದನ್ನು ಕಂಡಿಲ್ಲವೆಂದೇ ಅವಳು ನಂಬಿದ್ದಾಳೆ. ನನಗೆ ಆ ನಂಬಿಕೆಯಿಲ್ಲ. ಅದನ್ನು ಕಂಡೇ ನೀನು ಮನೆ ಬಿಟ್ಟೆಯೆಂದು ನನಗೆ ಬಂದ ಅನುಮಾನ ಅವಳಿಗೂ ಬರುವ ಮೊದಲು ಮನೆಗೆ ಬಾ.