ಸ್ಫಿಗ್-ಮೋ-ಮ-ನಾ-ಮಿ-ಟರ್

ಚಿಂತಾಮಣಿ
12-8-1959

ಮಾತೃಸಮಾನಳಾದ ಕಮಲಕ್ಕನಿಗೆ ಯೋಗನರಸಿಂಹನ ನಮಸ್ಕಾರಗಳು.

ಅಪ್ಪನಿಗೆ ಲಕ್ವ ಹೊಡೆದು ಇಂದಿಗೆ ಹನ್ನೆರಡು ದಿನ. ಕೈ ಸ್ವಲ್ಪ ಆಡುತ್ತಿದೆ, ಮಾತು ನಿಂತಿದೆ.

ಕಾಂಪೌಂಡರಾಗಿದ್ದಾಗ ಅವರು ಹೊಸ ನರ್ಸುಗಳಿಗೆ ರಕ್ತದೊತ್ತಡ ನೋಡುವ ಉಪಕರಣದ ಹೆಸರನ್ನು ಬಿಡಿಸಿ ಹೇಳಿಕೊಡುತ್ತಿದ್ದುದು ನಿನಗೆ ನೆನಪಿರಬಹುದು. ನಿನ್ನೆ ಡಾಕ್ಟರು ಅದನ್ನೇ ತೋಳಿಗೆ ಕಟ್ಟಿದಾಗ ಅಪ್ಪ, “ಸ್ಫಿಗ್… ಮೋ… ಮ… ನಾ… ಮಿ… ಟರ್” ಎಂದು ಪೂರ್ತಿ ಹೇಳಿಬಿಟ್ಟರು. ಅಮ್ಮ ದೇವರಿಗೆ ಕೈಮುಗಿದಳು. ನಾನು ಆಸೆಪಟ್ಟು, “ಅಪ್ಪಾ, ಗೌರಿಬಿದನೂರಲ್ಲಿರೋ ಅಕ್ಕನ ಹೆಸರು ಹೇಳಿ” ಅಂದೆ. “ಕ… ಕ…” ಎಂದು ತಡಕಾಡಿ, ಬಾರದೆ, ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾನು ಮತ್ತೆ ಕೇಳಲಿಲ್ಲ.

ಶನಿವಾರದ ಬಸ್ಸಿಗೆ ಬಾ. ಬಂದವಳು “ನಾನ್ಯಾರು ಗೊತ್ತಾಯ್ತಾ ಅಪ್ಪಾ” ಎಂದು ಕೇಳಬೇಡ. “ಕಮಲ ಬಂದಿದೀನಿ” ಎಂದು ನೀನೇ ಹೇಳಿಬಿಡು.

ಇತಿ ನಿನ್ನ ತಮ್ಮ,
ಯೋಗನರಸಿಂಹ